ಬಿದ್ದು ಸತ್ತವರ ಮನೆ

ನನಗೆ ಹಾರ್ಟ್ ಅಟ್ಯಾಕ್ ಆಗಿ ವರ್ಷದ ಮೇಲಾಯಿತು. ಈಗ ಆರಾಮಿದ್ದೇನೆ, ಡ್ಯೂಟಿಗೂ ಹೋಗುತ್ತಿದ್ದೇನೆ. ಆದರೆ ಕಂಡವರೆಲ್ಲ ಕೇಳುವ ಒಂದು ಪ್ರಶ್ನೆ ಇದೆ: "ಅಲ್ಲ ಮಾರಾಯ್ತಿ, ನಿಂಗೆ ಹೇಗೆ ಆತು?" ಅದನ್ನು ಕೇಳಿದಾಗೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಹೇಗಾಯಿತು ಎಂದರೆ ನಾನು ಎಂಥ ತಪ್ಪು ಮಾಡಿದೆ ಎಂದು ಅರ್ಥ. ಒಬ್ಬಳು ಹುರಿದ ಬಂಗಡೆ ತಿಂದದ್ದಕ್ಕೆ ಅಂದಳು. ಇನ್ನೊಬ್ಬರು, ಹೆಂಗಸಾಗಿ ದಿನವಿಡೀ ಬಸ್ಸಿನಲ್ಲಿ ಜಗಳ ಮಾಡಿದರೆ ಮತ್ತೇನಾಗುತ್ತದೆ ಅಂದರು. ನಾನು ಮಾಡುವುದು ಜಗಳವಲ್ಲ ಸ್ವಾಮಿ, ಕಂಡಕ್ಟರ್ ಕೆಲಸ.

ಹದಿನಾಲ್ಕು ವರ್ಷದಿಂದ ಭಟ್ಕಳ, ಹೊನ್ನಾವರ, ಕುಮಟಾ ಇದೇ ನನ್ನ ರೂಟು. ಆಗ ನನಗೆ ನಲವತ್ತೊಂದು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಬೀಡಿ ಸಿಗರೇಟಿನ ಹೊಗೆ ಬಂದರೆ ಸೇದಿದವನನ್ನು ಬಸ್ಸಿನಿಂದ ಇಳಿಸುವವಳು ನಾನು. ಮೈ ನೋಡಿದರೆ ಒಣಕಲು ಕಡ್ಡಿ. ಹೀಗಿದ್ದೂ ಅದು ಬಂತು, ಭಟ್ಕಳ ಬಿಟ್ಟು ಶಿರಾಲಿ ದಾಟಿದ ಮೇಲೆ, ಬೆಳಗಿನ ಹತ್ತೂವರೆಗೆ, ಒಬ್ಬ ಅಜ್ಜಿಯ ಆಧಾರ್ ಕಾರ್ಡ್ ನೋಡುತ್ತಿದ್ದಾಗ.

ಮೊದಲು ದವಡೆ ಹಿಡಿಯಿತು. ಆಮೇಲೆ ಬೆನ್ನಿನಲ್ಲಿ, ಎರಡೂ ರೆಕ್ಕೆ ಎಲುಬಿನ ನಡುವೆ, ಯಾರೋ ಮೊಣಕೈ ಒತ್ತಿದ ಹಾಗೆ. ಬೆವರು ಕಿತ್ತುಕೊಂಡು ಬಂತು. ಎದೆ ನೋವೆಂದರೆ ಎದೆಯಲ್ಲೇ ಬರುತ್ತದೆ ಎಂದುಕೊಂಡಿದ್ದ ನನಗೆ ಇದು ಏನೆಂದೇ ತಿಳಿಯಲಿಲ್ಲ. ಬಸ್ಸಿನಲ್ಲಿದ್ದ ನಲವತ್ತು ಜನಕ್ಕೂ ತಿಳಿಯಿತು. "ಗ್ಯಾಸ್, ಗ್ಯಾಸ್." ಒಬ್ಬರು ಓಮ ಕೊಟ್ಟರು, ಒಬ್ಬರು ಮಂಕಿಯಲ್ಲಿ ಇಳಿದು ಸೋಡಾ ತಂದರು. ನಾನೆಂಥ ಪೆದ್ದಿ ನೋಡಿ, ಕುಮಟಾದವರೆಗೆ ಹೋಗಿ, ಟಿಕೆಟ್ ಮಶೀನು ಒಪ್ಪಿಸಿ, ಸಹಿ ಹಾಕಿ, ವಾಪಸ್ ಹೊನ್ನಾವರಕ್ಕೆ ಬಂದು ಆಮೇಲೆ ಡಾಕ್ಟರ ಹತ್ತಿರ ಹೋದೆ. ಟ್ರಿಪ್ ಅರ್ಧಕ್ಕೆ ಬಿಡಬಾರದಲ್ಲ!

ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದೂವರೆ ತಾಸು ಕಾದೆ. ಒಳಗೆ ಹೋದಾಗ ಡಾಕ್ಟರರು ಕೇಳಿದ್ದು ಎರಡು ಮಾತು. "ಟೆನ್ಶನ್ ಇದೆಯಾ?" ಇದೆ ಅಂದೆ. "ಮನೇಲಿ ಯಾರಿಗಾದರೂ ಹಾರ್ಟಿನ ತೊಂದರೆ?" ಯಾರಿಗೂ ಇಲ್ಲ ಅಂದೆ. ಯೋಚನೆ ಮಾಡಿ ಸುಳ್ಳು ಹೇಳಿದ್ದಲ್ಲ. ನಾನು ಅದನ್ನೇ ನಂಬಿದ್ದೆ. ಅವರು ಹೊಟ್ಟೆಗೊಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಶೀನು ಅಲ್ಲೇ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು.

ಮರುದಿನ ಬೆಳಿಗ್ಗೆ ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಮನೆಯಲ್ಲಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಕುಸಿದೆ. ನನ್ನ ಗಂಡ ಮೋಹನ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಜೋರು ಮಾತು ಬಾರದ ಮನುಷ್ಯ, ಆ ದಿನ ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ. ಮಗಳು ಆಂಬುಲೆನ್ಸಿಗೆ ಫೋನು ಮಾಡಿದಳು. ಈ ಬಾರಿ ಇಸಿಜಿ ತೆಗೆದರು. ತೆಗೆದವರ ಮುಖ ನೋಡಿಯೇ ನನಗೆ ಗೊತ್ತಾಯಿತು. "ಕೂಡಲೇ ಕೆಳಗೆ ಕರ್ಕಂಡು ಹೋಗಿ" ಅಂದರು. ನಮ್ಮಲ್ಲಿ ಕೆಳಗೆ ಅಂದರೆ ದಕ್ಷಿಣಕ್ಕೆ, ಉಡುಪಿಗೋ ಮಂಗಳೂರಿಗೋ. ಹೃದಯದ ನಾಳ ಬಿಡಿಸುವ ಆಸ್ಪತ್ರೆ ನಮ್ಮ ಕಡೆ ಬೇಕು ಬೇಕು ಎಂದು ಎಷ್ಟು ಮೆರವಣಿಗೆ, ಎಷ್ಟು ಮನವಿ ಪತ್ರ! ಆ ಮೆರವಣಿಗೆಗಳಿಂದ ನನ್ನ ಬಸ್ಸು ತಾಸುಗಟ್ಟಲೆ ನಿಂತದ್ದಿದೆ, ನಾನು ಗೊಣಗಿದ್ದಿದೆ. ಈಗ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿ, ನನ್ನದೇ ರೂಟಿನ ಸ್ಟಾಪುಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಮಂಕಿ, ಬಸ್ತಿಮಕ್ಕಿ, ಶಿರಾಲಿ, ಭಟ್ಕಳ. ಭಟ್ಕಳ ದಾಟಿದ ಮೇಲೆ ನನಗೆ ಸ್ಟಾಪುಗಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಆಗ ನಿಜವಾದ ಹೆದರಿಕೆ ಬಂತು. ಅತ್ತುಬಿಟ್ಟೆ.

ಮಣಿಕಟ್ಟಿನಲ್ಲಿ ಸಣ್ಣ ತೂತು ಮಾಡಿ ತಂತಿ ಹಾಕಿ ನಾಳ ಬಿಡಿಸಿದರು, ಸ್ಟೆಂಟ್ ಹಾಕಿದರು. ಆ ಆಸ್ಪತ್ರೆಯಲ್ಲೂ ಯಾರೋ ಫಾರಂ ಹಿಡಿದು ಕೇಳಿದರು, ಮನೆಯಲ್ಲಿ ಯಾರಿಗಾದರೂ? ಯಾರಿಗೂ ಇಲ್ಲ ಎಂದು ಮತ್ತೆ ಬರೆಸಿದೆ.

ಐದು ದಿನ ಅಲ್ಲಿದ್ದೆ. ಪಕ್ಕದ ಮಂಚದಲ್ಲಿ ಭಟ್ಕಳದ ನಫೀಸಾ ಎನ್ನುವ ಹೆಂಗಸು. ಮೊದಲ ದಿನ ನನ್ನನ್ನೇ ದಿಟ್ಟಿಸಿ ನೋಡಿ, "ನೀನು ಕಂಡಕ್ಟರ್ ಅಲ್ವಾ? ಚಿಲ್ಲರೆ ಇಲ್ಲ ಅಂತ ನಂಗೆ ಬೈದಿದ್ದು ನೀನೇ" ಅಂದಳು. ಹೌದು, ನಾನೇ ಇರಬೇಕು. ಆಮೇಲೆ ಅವಳ ಮನೆಯಿಂದ ಬಂದ ಗಂಜಿಯಲ್ಲಿ ಅರ್ಧ ನನಗೆ. ಮೂರನೇ ದಿನ ಬೆಳಿಗ್ಗೆ ಸುಮ್ಮಸುಮ್ಮನೆ ಅಳು ಬಂದಾಗ, ಸಲಾಯಿನ್ ಚುಚ್ಚಿದ ಕೈಯನ್ನೇ ಈಚೆ ಚಾಚಿ ನನ್ನ ಬೆರಳು ಹಿಡಿದುಕೊಂಡಳು. "ಅಳು, ಅಳು. ಬಸ್ಸಲ್ಲಿ ಬೈತಿಯಲ್ಲ, ಹಾಗೇ ಜೋರಾಗಿ ಅಳು" ಅಂದಳು. ಅತ್ತುಕೊಂಡೇ ನಗು ಬಂತು. ಆ ಹೆಂಗಸಿಗೆ ನಾನು ಇನ್ನು ಮುಂದೆ ಚಿಲ್ಲರೆಯ ವಿಷಯ ಎತ್ತುವುದಿಲ್ಲ.

ಮೂರು ತಿಂಗಳಾದ ಮೇಲೆ ತೋರಿಸಲು ಹೋದೆ. ಆಗಿನ ಡಾಕ್ಟರರು ಮೆತ್ತಗಿನ ಮಾತಿನವರು, ಆದರೆ ಬಿಡುವವರಲ್ಲ. ನನ್ನ ರಕ್ತದ ಒಂದು ರಿಪೋರ್ಟನ್ನು ಎರಡು ಸಲ ನೋಡಿದರು. ಉರಿಯೂತ ತೋರಿಸುವ ಅಂಶವಂತೆ. ಅಟ್ಯಾಕ್ ಆದಾಗ ಅದು ಹೇಗೂ ಏರುತ್ತದಂತೆ, ಆದರೆ ಇಷ್ಟು ದಿನದಲ್ಲಿ ಇಳಿಯಬೇಕಿತ್ತು. ನನ್ನದು ಇಳಿದಿರಲಿಲ್ಲ. ಜ್ವರ ಇಲ್ಲ, ಹುಣ್ಣಿಲ್ಲ, ಹಲ್ಲು ನೋವಿಲ್ಲ. ಅವರು ಪೆನ್ನು ಹಿಡಿದು ಕೂತರು.

"ತಂದೆ ಇದ್ದಾರಾ?"

"ಇಲ್ಲ. ನಲವತ್ನಾಲ್ಕಕ್ಕೆ ಹೋದ್ರು. ತೆಂಗಿನ ಮರದಿಂದ ಬಿದ್ದು."

"ತಂದೆಯ ಅಣ್ಣ ತಮ್ಮ?"

"ಚಿಕ್ಕಪ್ಪ ಒಬ್ಬರಿದ್ರು. ಅಘನಾಶಿನಿ ಹೊಳೇಲಿ ಬಳಚಿನ ಚಿಪ್ಪು ಹೆಕ್ಕೂಕೆ ಹೋಗಿ ನೀರಿಗೆ ಬಿದ್ದು ತೀರ್ಕಂಡ್ರು. ಮೂವತ್ತೊಂಬತ್ತು."

"ತಂದೆಯ ಅಕ್ಕ ತಂಗಿ?"

"ಒಬ್ಬಳು ಅತ್ತೆ. ಬಚ್ಚಲಲ್ಲಿ ಜಾರಿ ಬಿದ್ದು."

ಡಾಕ್ಟರರು ಪೆನ್ನು ಕೆಳಗಿಟ್ಟರು. ನಗಲಿಲ್ಲ. "ನಿಮ್ಮ ಮನೆಯವರು ಎಂತಕ್ಕೆ ಇಷ್ಟು ಬೀಳ್ತಾರೆ?" ಅಂದರು.

ಆ ಮಾತು ಕೇಳಿದ ಮೇಲೆ ನನಗೆ ಅವರು ಹೇಳಿದ್ದರಲ್ಲಿ ಅರ್ಧವೇ ಕಿವಿಗೆ ಬಿತ್ತು. ಮೈಯಲ್ಲಿ ಎಲ್ಲೇ ಗಾಯವಾದರೂ ವಾಸಿ ಮಾಡಲು ಉರಿಯೂತ ಏಳುತ್ತದೆ, ಕೆಲಸ ಮುಗಿದ ಮೇಲೆ ಆರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಬೇಗ ಆರುವುದಿಲ್ಲ, ಹಿರಿಯರಿಂದ ಬಂದ ಜೀನುಗಳಲ್ಲೇ ಸಣ್ಣಪುಟ್ಟ ವ್ಯತ್ಯಾಸವಿರುತ್ತದೆ. ಒಲೆಯ ಬೂದಿಯೊಳಗೆ ಕೆಂಡ ಉಳಿದ ಹಾಗೆ ನಾಳದೊಳಗೆ ಉರಿಯುತ್ತಲೇ ಇರುತ್ತದೆ. "ಇದೇ ಕಾರಣ ಅಂತ ನಾನು ಬರೆದು ಕೊಡೂದಿಲ್ಲ. ಒಂದು ಜೀನು ಹಿಡಿದು ಇವನೇ ಕಳ್ಳ ಅನ್ಲಿಕ್ಕೆ ಆಗೂದಿಲ್ಲ. ಆದ್ರೆ ಒಂದೇ ಮನೇಲಿ ಇಷ್ಟು ಬೇಗ ಇಷ್ಟು ಜನ ಹೋದದ್ದು ಗೊತ್ತಿದ್ರೆ ನಾವು ಮೊದಲೇ ನೋಡ್ತೇವೆ, ಮಾತ್ರೆ ಕೊಡ್ತೇವೆ. ಹಣೆಬರಹ ಅಲ್ಲ ಇದು. ನಿಮಗೆ ತಮ್ಮ ಇದ್ದಾರಾ?"

ಇದ್ದಾನೆ. ವಸಂತ. ಆಗ ಅವನಿಗೆ ಮೂವತ್ತೇಳು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ನನಗೆ ಒಂದೊಂದೇ ನೆನಪಾಗುತ್ತ ಹೋಯಿತು. ಅಪ್ಪ ಸತ್ತಾಗ ನನಗೆ ಹತ್ತೊಂಬತ್ತು. ಹೊನ್ನಾವರದ ಕಾಲೇಜಿನಿಂದ ಓಡಿ ಬಂದಿದ್ದೆ. ಅಷ್ಟು ಎತ್ತರದ ಮರದಿಂದ ಬಿದ್ದ ಅಪ್ಪನ ಮೈಮೇಲೆ ಒಂದು ತರಚು ಗಾಯ ಇರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೆ, ನೋಡಿಯೂ ನಂಬಿದ್ದೆ. ಚಿಕ್ಕಪ್ಪ ಬಳಚು ಹೆಕ್ಕುತ್ತಿದ್ದದ್ದು ಇಳಿತದ ಹೊತ್ತಿನಲ್ಲಿ, ಮೊಣಕಾಲು ನೀರಿನಲ್ಲಿ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು ಮೊಣಕಾಲು ನೀರಿನಲ್ಲಿ ಮುಳುಗುತ್ತಾನೆಯೇ? ಯಾರಾದರೂ ಕೇಳಿದರೇ? ಅಪ್ಪನ ಹದಿಮೂರನೇ ದಿನ ಕಳೆದ ಮೇಲೆ ಹಿರಿಯರೆಲ್ಲ ಸೇರಿ, ಪಾಪಿ ಮರ ಎಂದು ಆ ತೆಂಗಿನ ಮರವನ್ನು ಕಡಿಸಿ ಹಾಕಿದ್ದರು. ತುಂಬು ಫಸಲಿನ ಮರ. ಏನೂ ಮಾಡದ ಮರವನ್ನು ಕಡಿದು, ಮಾಡಿದ್ದನ್ನು ನಮ್ಮ ರಕ್ತದಲ್ಲೇ ಬಿಟ್ಟುಕೊಂಡರು. ಥೂ!

ನನ್ನ ತವರು ಕುಮಟಾದ ಹತ್ತಿರ. ಗದ್ದೆಯ ಭತ್ತ ಕೊಯ್ದ ಮೇಲೆ ಸಿಹಿ ಈರುಳ್ಳಿ ಹಾಕುತ್ತಾರೆ. ಮರುದಿನ ಅಲ್ಲಿಗೆ ಹೋದಾಗ ವಸಂತ ಎರಡೂ ಕೈಯಲ್ಲಿ ಕೊಡ ಹಿಡಿದು ಈರುಳ್ಳಿಯ ಸಾಲುಗಳಿಗೆ ನೀರು ಹೊಯ್ಯುತ್ತಿದ್ದ. ನಾಲ್ಕು ಸಲ ಹೊಯ್ದು ನಿಂತ. ಕೊಡ ಕೆಳಗಿಟ್ಟು ಎಡ ಭುಜ ತಿಕ್ಕಿಕೊಂಡ.

"ಎಂತಾ ಅದು?" ಅಂದೆ.

"ಎಂತ ಇಲ್ಲ. ಗ್ಯಾಸ್."

ಅಲ್ಲೇ ಗದ್ದೆಯ ಅಂಚಿನಲ್ಲಿ ನಿಂತು ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕೇಳಿದ. ಕೇಳಿ, "ಮದುವೆ ಆಗ್ಲಿ ಅಕ್ಕ, ಆಮೇಲೆ ತೋರಿಸ್ವ" ಅಂದ.

ಅವನಿಗೆ ಹೆಣ್ಣು ಗೊತ್ತಾಗಿತ್ತು. ಗದ್ದೆ ಕೆಲಸದವನಿಗೆ ಹೆಣ್ಣು ಕೊಡುವವರು ಈಗ ಎಲ್ಲಿದ್ದಾರೆ? ಎಂಟು ವರ್ಷ ಹುಡುಕಿ, ಕಡೆಗೆ ಹೊನ್ನಾವರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಶೋಭಾ ಒಪ್ಪಿದ್ದಳು. ಅವನಿಗೂ ಅವಳೆಂದರೆ ಇಷ್ಟವಾಗಿತ್ತು, ಬರಿಗೈಯಲ್ಲೂ ಫೋನು ಹಿಡಿದವನ ಹಾಗೆ ನಗುತ್ತಿದ್ದ. ಮೇ ತಿಂಗಳಿಗೆ ದಿನ ನೋಡಿದ್ದರು. ಅಷ್ಟರವರೆಗೆ ಅವನು ದಿನಕ್ಕೆ ನೂರಾರು ಕೊಡ ನೀರು ಹೊರಬೇಕು.

ಆಯಿಯ ಹತ್ತಿರ ಹೋದೆ. ನಮ್ಮ ಅಮ್ಮನನ್ನು ನಾವು ಆಯಿ ಅನ್ನುವುದು. ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನೇರವಾಗಿ ಕೇಳಿದೆ.

"ಅಪ್ಪ ಹೇಗೆ ಸತ್ತದ್ದು?"

"ಬಿದ್ದು."

"ಆಯಿ, ಗಾಯ ಎಲ್ಲಿತ್ತು?"

"ಬಿದ್ದದ್ದು ಅಂದ್ರೆ ಬಿದ್ದದ್ದು. ಸತ್ತವ್ರನ್ನ ಎಂತಕೆ ಎಬ್ಬಿಸ್ತೆ?" ತಲೆ ಎತ್ತಲಿಲ್ಲ. ಬೀಜ ತೆಗೆಯುವುದು ನಿಲ್ಲಿಸಲಿಲ್ಲ. ಆ ಕೈ ನೋಡಿ ನನಗೆ ಗೊತ್ತಾಯಿತು, ಇವಳಿಗೆ ಗೊತ್ತಿದೆ.

ನಾಲ್ಕು ವಾರದ ಮೇಲೆ ನಿಶ್ಚಯದ ಊಟ, ತವರಿನಲ್ಲೇ. ನಾನು ಹೋಗಬಾರದು ಅಂದುಕೊಂಡಿದ್ದೆ, ಹೋದೆ. ಊಟಕ್ಕೆ ಎಲೆ ಹಾಕುವ ಮೊದಲು ಶೋಭಾ ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ ನನ್ನ ಬೆನ್ನು ಮುಟ್ಟಿ ಕೇಳಿದಳು, "ಬಸ್ಸಿಂದ ಬಿದ್ದ ನೋವು ಈಗ ಕಡ್ಮೆ ಆತಾ ಅಕ್ಕ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿಯ ಕಡೆ ನೋಡಿದೆ. ಆಯಿ ಬೇರೆ ಕಡೆ ನೋಡಿದಳು. ನಾನೂ ಬಿದ್ದಿದ್ದೆ! ಬದುಕಿ ಕೂತಿರುವಾಗಲೇ, ಮಾತ್ರೆಯ ಡಬ್ಬಿ ಸೊಂಟದ ಪರ್ಸಿನಲ್ಲಿ ಇರುವಾಗಲೇ, ನನ್ನನ್ನೂ ಆ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಮರದಿಂದ ಒಬ್ಬರು, ನೀರಿಗೊಬ್ಬರು, ಬಚ್ಚಲಲ್ಲೊಬ್ಬರು, ಬಸ್ಸಿನ ಫುಟ್‌ಬೋರ್ಡಿನಿಂದ ನಾನು.

ಅಡಿಗೆ ಮನೆಗೆ ಹೋಗಿ ಆಯಿಯ ರಟ್ಟೆ ಹಿಡಿದೆ. ಸೌಟು ಕೆಳಗೆ ಬಿತ್ತು. "ವಸಂತ ಎಲ್ಲಿಂದ ಬೀಳೂದು ಅಂತ ಈಗ್ಲೇ ಹೇಳ್ಬಿಡು. ನಂಗೆ ರಜೆ ಹಾಕೂಕೆ ಬೇಕು" ಅಂದೆ. ಹೇಳಬಾರದ ಮಾತು. ಹೇಳಿದೆ, ಮತ್ತು ನನಗೆ ಬೇಜಾರಿಲ್ಲ. ಆಯಿ ಸೌಟು ಎತ್ತಿಕೊಂಡು, "ಹೊರಗೆ ಜನ ಇದ್ದಾರೆ" ಅಂದಳು. ಅಷ್ಟೇ.

ಮರುದಿನ ಶೋಭಾಳ ಅಂಗಡಿಗೆ ಹೋದೆ. ಮಣಿಕಟ್ಟು ಮುಂದೆ ಚಾಚಿ ಗುರುತು ತೋರಿಸಿದೆ. ಎಲ್ಲ ಹೇಳಿದೆ, ಭುಜ ತಿಕ್ಕಿಕೊಂಡದ್ದನ್ನೂ. ಅವಳು ಮಶೀನಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

"ಅವ್ರಿಗೆ ಇದೆಲ್ಲ ಗೊತ್ತಿದ್ಯಾ?"

"ಗೊತ್ತು."

"ಹಾಗಾದ್ರೆ ನಂಗೆ ಅವ್ರೇ ಹೇಳ್ಬೇಕಿತ್ತು" ಅಂದಳು. ಕಣ್ಣು ತುಂಬಿತ್ತು. ನಾನು ಎದ್ದು ಬಂದೆ.

ಸಂಜೆ ಅವಳು ವಸಂತನಿಗೆ ಫೋನು ಮಾಡಿ, ಮೊದಲು ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಮಾತೇ ಬೇಡ ಅಂದಳಂತೆ. ಕೂಡಲೇ ಅವನು ನನಗೆ ಫೋನು ಮಾಡಿದ. "ನೀ ಬದ್ಕಂಡೆ, ನನ್ನ ಸಂಸಾರ ತೆಗ್ದೆ. ಖುಷಿ ಆತಾ?" ನಾನು ಹುಟ್ಟಿದಾಗಿನಿಂದ ಎಷ್ಟೋ ಜನರಿಂದ ಬೈಸಿಕೊಂಡಿದ್ದೇನೆ, ಅದೇ ನನ್ನ ಉದ್ಯೋಗ. ಇದೊಂದು ಮಾತು ಮಾತ್ರ ಇವತ್ತಿಗೂ ನುಂಗಲು ಆಗಿಲ್ಲ. ಆದರೂ ಅವನು ಹೊರಟ. ನನ್ನ ಮಾತಿಗಲ್ಲ, ಅವಳ ಮಾತಿಗೆ. ನನಗೇನು, ಹೊರಟನಲ್ಲ, ಅಷ್ಟು ಸಾಕು.

ಅದೇ ಆಸ್ಪತ್ರೆ, ಅದೇ ಮೆತ್ತಗಿನ ಡಾಕ್ಟರರು. ಆಯಿಯೂ ಜೊತೆಗೆ ಬಂದಿದ್ದಳು. ನಾವು ಮೂರೂ ಜನ ಅವರ ಕೋಣೆಯಲ್ಲಿ, ವಸಂತ ನನ್ನ ಕಡೆ ಬೆನ್ನು ಮಾಡಿ ಕೂತಿದ್ದ. ಓಡುವ ಪಟ್ಟಿಯ ಮೇಲೆ ಅವನನ್ನು ನಡೆಸಿ ನಾಲ್ಕೇ ನಿಮಿಷಕ್ಕೆ ಇಳಿಸಿದ್ದರು. ಡಾಕ್ಟರರು ಫಾರಂ ತೆಗೆದು ಅವನಿಂದಲೇ ಕೇಳಿದರು, "ತಂದೆ?"

"ತೆಂಗಿನ ಮರದಿಂದ..." ಎಂದು ವಸಂತ ಶುರು ಮಾಡಿದ.

"ಬೀಳ್ಲಿಲ್ಲ" ಅಂದಳು ಆಯಿ.

ನಾವಿಬ್ಬರೂ ತಿರುಗಿ ನೋಡಿದೆವು. ಆಯಿ ಡಾಕ್ಟರರ ಮೇಜಿನ ತುದಿಯನ್ನೇ ನೋಡುತ್ತ ಹೇಳಿದಳು. "ಅವ್ರು ಮರ ಹತ್ತಲೇ ಇಲ್ಲ. ಬುಡದಲ್ಲಿ ಕೂತ್ರು. ಎದೆ ಉರಿ, ನೀರು ಕೊಡು ಅಂದ್ರು. ನಾ ಒಳಗೆ ಹೋಗಿ ತಂಬಿಗೆ ತಂದೆ. ಬರೂದ್ರೊಳಗೆ ಮುಗ್ದಿತ್ತು. ಮೈದುನನೂ ಹಾಗೇ, ದಂಡೆ ಮೇಲೆ ಕೂತಲ್ಲೇ. ನೀರೂ ಮುಟ್ಟಿರ್ಲಿಲ್ಲ. ಬಚ್ಚಲಲ್ಲಿ ಹೋದ ಅತ್ತಿಗೆ ಅದ್ಕಿಂತ ಮೊದ್ಲು ಒಂದು ವಾರ ಬೆನ್ನು ನೋವು ಬೆನ್ನು ನೋವು ಅಂತಿದ್ಲು." ಡಾಕ್ಟರರು ಒಂದೊಂದನ್ನೇ ಬರೆದುಕೊಂಡರು.

ವಸಂತನ ಒಂದು ನಾಳ ಮುಕ್ಕಾಲು ಪಾಲು ಮುಚ್ಚಿತ್ತು. ಆ ದಿನವೇ ಒಳಗೆ ಕರೆದುಕೊಂಡು ಹೋದರು. ನಾನೂ ಆಯಿಯೂ ಹೊರಗೆ ಸಾಲು ಕುರ್ಚಿಯಲ್ಲಿ ಕೂತೆವು. ಅಲ್ಲಿ ನನ್ನ ಬಾಯಿ ತೆರೆಯಿತು. ಜನ ಇದ್ದರು, ಇರಲಿ. "ಇಪ್ಪತ್ತೆರಡು ವರ್ಷ ಆಯಿ! ಈ ಒಂದು ಮಾತು ಮೊದ್ಲೇ ಹೇಳಿದ್ರೆ ನಾ ಆ ಕ್ಲಿನಿಕ್ಕಲ್ಲಿ ಹೇಳ್ತಿದ್ದೆ. ಇಸಿಜಿ ತೆಗೀತಿದ್ರು. ಅತ್ತೆನೂ ಇರ್ತಿದ್ಲೇನೋ! ಎಂತಕೆ ಮುಚ್ಚಿಟ್ಟೆ? ಯಾರಿಗೋಸ್ಕರ?"

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲ ಸಲ ನನ್ನ ಕಣ್ಣು ನೋಡಿದಳು.

"ನಿಂಗೋಸ್ಕರ. ನಿನ್ನ ನೋಡೂಕೆ ಕಾಸರಕೋಡಿಂದ ಬರ್ತೇವೆ ಅಂತ ಹೇಳಿ ಕಳ್ಸಿದ್ರು ಆಗ. ಅಣ್ಣ ತಮ್ಮ ಇಬ್ರೂ ಎದೆ ಹಿಡ್ಕಂಡು ಹೋದ ಮನೆ ಅಂದಿದ್ರೆ ಆ ಮೋಹನನ ಅಪ್ಪ ನಮ್ಮ ಅಂಗಳ ಹತ್ತುತಿದ್ನಾ?" ವಸಂತನನ್ನು ಒಯ್ದ ಬಾಗಿಲಿನ ಕಡೆ ತಿರುಗಿ, "ಈಗ ನೀ ನಿಜ ಹೇಳಿದೆ. ಎಂತಾಗ್ತದೆ ನೋಡು" ಅಂದಳು.

ಆದದ್ದೂ ಹಾಗೆಯೇ. ವಸಂತನಿಗೆ ಸ್ಟೆಂಟ್ ಹಾಕಿದ ಸುದ್ದಿ ಕೇಳಿ ಶೋಭಾಳ ಅಣ್ಣ ಬಂದು, ಎಲೆ ಅಡಿಕೆಯ ತಟ್ಟೆ ವಾಪಸ್ ಕೊಟ್ಟು ಹೋದ. ಶೋಭಾ ಎರಡು ಸಲ ವಸಂತನನ್ನು ನೋಡಲು ಬಂದಳು, ಆಮೇಲೆ ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳ ಅಣ್ಣನ ಮೇಲಿದೆ. ವಸಂತ ಈಗ ಪಂಪು ಹಾಕಿಸಿ ಈರುಳ್ಳಿಗೆ ನೀರು ಬಿಡುತ್ತಾನೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನೆ, ನನ್ನ ಹತ್ತಿರ ಮಾತಾಡುವುದಿಲ್ಲ. ನನ್ನ ಬಸ್ಸು ಬಂದರೆ ಹಿಂದೆ ಬರುವ ಬಸ್ಸಿಗೆ ಕಾಯುತ್ತಾನೆ. ಕಾಯಲಿ. ಕಾಯುವುದಕ್ಕೆ ಇದ್ದಾನಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮೋಹನನನ್ನು ಕೇಳಿದೆ, ಆಗಲೇ ಗೊತ್ತಿದ್ದರೆ ನನ್ನನ್ನು ಮದುವೆ ಆಗುತ್ತಿದ್ದೆಯಾ ಎಂದು. ಅವನು ಸುಳ್ಳು ಹೇಳುವವನಲ್ಲ. "ನಾ ಆಗ್ತಿದ್ದೆ. ಅಪ್ಪ ಬಿಡ್ತಿರ್ಲಿಲ್ಲ. ಅಪ್ಪನ ಮಾತು ಮೀರೂಕೆ ನಂಗೆ ಆಗ ಧೈರ್ಯ ಇತ್ತಾ ಇಲ್ವಾ ಗೊತ್ತಿಲ್ಲ" ಅಂದ. ಅಂದರೆ ಆಯಿ ಹೇಳಿದ್ದು ಸರಿ. ನನ್ನ ಈ ಮನೆ, ಈ ಗಂಡ, ಮಗಳು, ಎಲ್ಲ ಆ ಸುಳ್ಳಿನ ಮೇಲೆ ನಿಂತದ್ದು. ಅದು ಗೊತ್ತಾದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಆಯಿಯ ಮೇಲಿಂದ ಎದ್ದು, ಸುಳ್ಳು ಹೇಳದಿದ್ದರೆ ಹೆಣ್ಣು ಒಯ್ಯದ, ಹೆಣ್ಣು ಕೊಡದ ನಮ್ಮೆಲ್ಲರ ಮೇಲೆ ಹೋಗಿ ಕೂತಿತು.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ. ನಾಳೆ ನಿನ್ನನ್ನು ನೋಡಲು ಬರುವವರು ಇದನ್ನು ಓದಿರಬಹುದು, ಬೇಡ ಎಂದರೆ ಹರಿದು ಹಾಕುತ್ತೇನೆ ಅಂದೆ. ಅವಳು ಕೂತು ಕೊನೆಯವರೆಗೂ ಓದಿದಳು. "ನೀ ಎಲ್ಲರ ಕಥೆ ಬರ್ದಿದ್ದೆ, ನನ್ನ ಹೆಸ್ರು ಎಂತಕೆ ಬಿಟ್ಟಿದ್ದೆ? ಹಾಕು" ಅಂದಳು.

ಅವಳ ಹೆಸರು ಅಮೃತಾ. ಈಗ ಹದಿನೇಳು. ಬೇಡ ಅನ್ನುವವರು ಈಗಲೇ ಅಂದುಬಿಡಿ.